ನನ್ನ ಬುರುಡೆಗೆ ಮೆರುಗು ಕೊಟ್ಟವರು

ಚಿತ್ರದುರ್ಗದ ಫೋಟೋದಯ್ಯ ತೀರಿಕೊಂಡರೆಂಬ ಸುದ್ದಿ ಬಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಕನ್ನಡಿ ನೋಡಿಕೊಂಡದ್ದು. ಕೇಳಿದವರು ನನ್ನನ್ನು ಕಲ್ಲೆದೆಯವನೆಂದಾರು. ಆದರೆ ನಾನು ಹೊಳಲ್ಕೆರೆಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿ, ವರ್ಷಕ್ಕೊಮ್ಮೆ ಅವರ ಕ್ಯಾಮೆರಾದ ಮುಂದೆ ನಡುವಿನ ಕುರ್ಚಿಯಲ್ಲಿ ಕೂತವನು. ಆ ಪಟಗಳಲ್ಲೆಲ್ಲ ನನಗೆ ಗಂಭೀರವಾದ ಗದ್ದವಿದೆ, ನೆಟ್ಟನೆಯ ಮೂಗಿದೆ, ಹಣೆಯ ಮೇಲೆ ಒಂದು ಸುಕ್ಕಿಲ್ಲ. ಕನ್ನಡಿಯಲ್ಲಿ ಇವು ಯಾವುವೂ ಕಾಣಲಿಲ್ಲ. ಅಯ್ಯನವರು ಹೋಗುವಾಗ ನನ್ನ ಗದ್ದವನ್ನೂ ಜೊತೆಗೆ ಒಯ್ದುಬಿಟ್ಟಿದ್ದರು.

ಜಂಗಮರ ಮನೆತನದವರು. ಹಣೆಗೆ ಮೂರು ಬೆರಳಿನ ವಿಭೂತಿ, ಮೈಮೇಲೆ ಕರಿಯ ಕೋಟು, ಪಟ ತೊಳೆಯುವ ಔಷಧದ ನೀರಿನಲ್ಲಿ ಅದ್ದಿ ಅದ್ದಿ ಕಂದು ಹಿಡಿದ ಉಗುರುಗಳು. ಆ ಉಗುರು ನೋಡಿದ ಹೊಸಬರು ಪಂಕ್ತಿಯಲ್ಲಿ ಅವರ ಪಕ್ಕ ಕೂರಲು ಹಿಂದೆಗೆಯುತ್ತಿದ್ದರು. ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಗಾಜಿನ ಹೆಂಚು ಹಾಕಿಸಿದ ಒಂದು ಕೋಣೆ ಅವರ ಸ್ಟುಡಿಯೋ. ಹಿರಿಯೂರಿನ ಅಮಲ್ದಾರರ ಕಚೇರಿ, ಹೊಸದುರ್ಗದ ಮದುವೆ, ಎಲ್ಲಿಗೆ ಕರೆದರೂ ಕ್ಯಾಮೆರಾವನ್ನು ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದರು.

ಜಗತ್ತಿನ ಕುಂದುಗಳನ್ನು ಕಂಡು ಸುಮ್ಮನಿರುವುದು ಅವರಿಂದಾಗುತ್ತಿರಲಿಲ್ಲ. ಗುರುತಿಲ್ಲದವರನ್ನು ದಾರಿಯಲ್ಲಿ ನಿಲ್ಲಿಸಿ ರುಮಾಲು ಸರಿ ಮಾಡುವರು. ಹೆಗಲ ಮೇಲಿನ ದಾರದ ಎಳೆಯನ್ನು ಹೆಕ್ಕುವರು. ಎದುರಿಗಿದ್ದವರು ಮಾತಾಡುತ್ತಿದ್ದರೆ ಇವರು ತಲೆ ವಾರೆ ಮಾಡಿ ಅವರ ಕೆನ್ನೆಯ ನರಹುಲಿಯನ್ನು ನೋಡುತ್ತ, ಹೆಬ್ಬೆರಳಿನಿಂದ ಗಾಳಿಯಲ್ಲೇ ಅದನ್ನು ಒರೆಸಿ ಹಾಕುವರು. ಮಾತು ಕೇಳುತ್ತಿದ್ದಾರೋ ಇಲ್ಲವೋ ಎಂದು ನಮಗೆ ಅನುಮಾನ.

ಅವರ ನಿಜವಾದ ಕಸುಬು ಪಟ ತೆಗೆಯುವುದಲ್ಲ, ತೆಗೆದ ಮೇಲೆ ತಿದ್ದುವುದು. ಆ ಕಾಲದಲ್ಲಿ ಪಟ ಮೊದಲು ಗಾಜಿನ ಪ್ಲೇಟಿನ ಮೇಲೆ ಮೂಡುತ್ತಿತ್ತು. ಅದರಲ್ಲಿ ಎಲ್ಲ ತಿರುವುಮುರುವು. ಮುಖದ ಮೇಲಿನ ಕಪ್ಪು ಕಲೆ ಗಾಜಿನಲ್ಲಿ ಬಿಳಿಯ ಚುಕ್ಕಿಯಾಗಿ ಕಾಣುತ್ತದೆ. ಅಯ್ಯನವರು ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ ಹಿಡಿದು, ಉಸಿರು ಬಿಗಿಹಿಡಿದು, ಆ ಬಿಳಿಯ ಚುಕ್ಕಿಯನ್ನು ತುಂಬಿಬಿಟ್ಟರೆ ಕಾಗದದ ಮೇಲೆ ಬರುವ ಪಟದಲ್ಲಿ ಕಲೆ ಮಾಯ. ಕೇಳಿದವರಿಗೂ ಮಾಡುತ್ತಿದ್ದರು, ಕೇಳದವರಿಗೂ ಮಾಡುತ್ತಿದ್ದರು. ಭೀಮಸಮುದ್ರದ ಅಡಿಕೆ ಸಾಹುಕಾರರೊಬ್ಬರ ಮುಖದ ತುಂಬ ಸಿಡುಬಿನ ಗುಳಿಗಳಿದ್ದವು. ಪಟ ಮನೆಗೆ ಬಂದಾಗ ಅವರ ಹೆಂಡತಿ, ಯಾರೋ ಪರಗಂಡಸು ಎಂದು ಸೆರಗು ಎಳೆದುಕೊಂಡು ಒಳಗೆ ಹೋದರಂತೆ.

ಶ್ರೀರಾಂಪುರದ ವರನೊಬ್ಬನ ಮೆಳ್ಳೆಗಣ್ಣನ್ನು ಪಟದಲ್ಲಿ ನೆಟ್ಟಗೆ ಮಾಡಿ ಕೊಟ್ಟು, ಮದುವೆಯ ಚಪ್ಪರದಲ್ಲಿ ಹೆಣ್ಣಿನ ತಂದೆಯ ಕೈಗೆ ಸಿಕ್ಕಿಬಿದ್ದದ್ದನ್ನು ನಾನೇ ಕಂಡಿದ್ದೇನೆ. ಅಯ್ಯನವರು ಒಂದಿಷ್ಟೂ ಅಳುಕಲಿಲ್ಲ.

“ಹುಡುಗ ಚಿನ್ನದಂತೋನು ಯಜಮಾನ್ರೆ. ಕಣ್ಣೊಂದು ಸ್ವಲ್ಪ ಆ ಕಡೆ ನೋಡ್ತೈತೆ ಅಷ್ಟೇ. ಮನ್ಸು ನಿಮ್ಮ ಮಗಳ ಕಡೆಗೇ ಐತೆ. ಕುಂತ್ಕಳ್ರಿ, ನಿಮ್ದೊಂದು ಪಟ ತೆಗೀತೀನಿ.”

ಬೈಯಲು ಬಂದ ಮನುಷ್ಯ ಮೀಸೆ ತೀಡಿಕೊಂಡು ಕುಳಿತುಬಿಟ್ಟ.

ಇಂಥವರ ಕೈಗೆ ನನ್ನ ತಲೆ ಹೇಗೆ ಸಿಕ್ಕಿತೆಂಬುದನ್ನು ಹೇಳಬೇಕು. ಆಗ ನನಗೆ ಮೂವತ್ತರ ಆಸುಪಾಸು. ತಾಲ್ಲೂಕಿನಲ್ಲಿ ನನ್ನಷ್ಟು ತಲೆಯಿರುವವನು ಇನ್ನೊಬ್ಬನಿಲ್ಲವೆಂದು ನಾನು ನಂಬಿದ್ದ ಕಾಲ. ಒಂದು ದಿನ ಕಪ್ಪುಹಲಗೆಯ ಮೇಲೆ ಬರೆಯುತ್ತಿರುವಾಗ ಬಲಗೈ ಹೆಬ್ಬೆರಳು ತಾನೇ ತಾನಾಗಿ ಕುಣಿಯತೊಡಗಿತು. ಕುಣಿತ ಮಣಿಕಟ್ಟಿಗೆ ಏರಿತು, ಮೊಣಕೈಗೆ ಏರಿತು, ಆಮೇಲೆ ನಿಂತಿತು. ನನಗೆ ಎಚ್ಚರವೇನೋ ಇತ್ತು. ಕೈ ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಹುಡುಗರು ನಗು ತಡೆಯಲಾರದೆ ಮೇಜಿನ ಕೆಳಗೆ ಬಗ್ಗಿದರು. ಮತ್ತೊಮ್ಮೆ ಇದು ಬಂದದ್ದು ಇನ್‌ಸ್ಪೆಕ್ಟರ್ ಸಾಹೇಬರು ತರಗತಿಯಲ್ಲಿ ಕೂತಿದ್ದಾಗ. ಸೀಮೆಸುಣ್ಣ ಹಲಗೆಯ ಉದ್ದಕ್ಕೂ ಡೊಂಕುಡೊಂಕಾಗಿ ಓಡಿತು. ಸಾಹೇಬರು ಕನ್ನಡಕ ಏರಿಸಿ ನೋಡಿ, “ವೇದಾವತಿ ನದಿ ಚೆನ್ನಾಗಿ ಬರೆದಿದ್ದೀರಿ” ಎಂದು ಬರೆದುಕೊಂಡು ಹೋದರು. ನನ್ನ ಸರ್ವೀಸಿನಲ್ಲಿ ನನಗೆ ಸಿಕ್ಕ ಒಳ್ಳೆಯ ಷರಾ ಅದೊಂದೇ.

ಮನೆಯಲ್ಲಿ ನಗು ಇರಲಿಲ್ಲ. ಅತ್ತೆ ಗಾಳಿ ಸೋಕಿದೆಯೆಂದರು, ತಾಯಿತ ಕಟ್ಟಿದರು. ಹೆಂಡತಿ ಮಾತ್ರ ಹಠ ಹಿಡಿದು ಚಿತ್ರದುರ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರು ಮಹಾಯುದ್ಧಕ್ಕೆ ಹೋಗಿ ಬಂದವರು. ಬರುವಾಗ ದಂಡಿನವರು ಬೇಡವೆಂದು ಬಿಟ್ಟ ಕ್ಷಕಿರಣದ ಯಂತ್ರವೊಂದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದರು. ಸಣ್ಣ ಸುತ್ತಿಗೆಯಿಂದ ನನ್ನ ಮಂಡಿ ಬಡಿದರು, ತೂತಿನ ಕನ್ನಡಿಯಿಂದ ನನ್ನ ಕಣ್ಣೊಳಗೆ ಬಗ್ಗಿ ನೋಡಿದರು. ಆಮೇಲೆ ನನ್ನ ಎಡಗಿವಿಯ ಮೇಲ್ಭಾಗವನ್ನು ಬೆರಳಿನಿಂದ ತಟ್ಟಿ, “ತೊಂದರೆ ಇಲ್ಲಿ” ಅಂದರು.

“ಕುಣಿಯೋದು ಬಲಗೈ ಡಾಕ್ಟ್ರೆ,” ಎಂದು ನಾನು ತಿದ್ದಿದೆ. ಮೇಷ್ಟ್ರಲ್ಲವೇ.

“ಬಲಗೈನ ಆಳೋದು ಎಡಗಡೆ ಮೆದುಳು ಮೇಷ್ಟ್ರೆ. ಅಲ್ಲಿ ಏನಾದರೂ ಕೂತಿದ್ರೆ ಅದೃಷ್ಟ ಇದ್ದರೆ ಪ್ಲೇಟಿನಲ್ಲಿ ಕಾಣುತ್ತೆ. ತೆಗೆದು ನೋಡೋಣ.”

ಮೆದುಳು ಕ್ಷಕಿರಣಕ್ಕೆ ಕಾಣುವುದಿಲ್ಲ, ಮೂಳೆ ಕಾಣುತ್ತದೆ. ಮೆದುಳಿನಲ್ಲಿ ಏನಾದರೂ ಸುಣ್ಣಗಟ್ಟಿದ್ದರೆ ಅದೂ ಕಾಣುತ್ತದೆ, ಬಿಳಿಯ ಚುಕ್ಕಿಯಾಗಿ. ಇದನ್ನು ಅವರು ನನಗೆ ವಿವರಿಸಿದರು. ಅಯ್ಯನವರಿಗೆ ಯಾರೂ ವಿವರಿಸಲಿಲ್ಲ.

ಯಂತ್ರಕ್ಕೆ ಕರೆಂಟು ಬೇಕಲ್ಲ, ಊರಲ್ಲಿ ಅದಿನ್ನೂ ಇರಲಿಲ್ಲ. ಹತ್ತಿ ಮಿಲ್ಲಿನ ಎಂಜಿನ್ನಿಗೆ ಡೈನಮೋ ಕಟ್ಟಿ, ಹತ್ತಿ ಅಂಡಿಗೆಗಳ ನಡುವೆ ಬೆಂಚಿನ ಮೇಲೆ ನನ್ನನ್ನು ಮಲಗಿಸಿದರು. ತಲೆ ಅಲುಗದಂತೆ ನನ್ನದೇ ರುಮಾಲಿನಿಂದ ಬಿಗಿದರು. ಪ್ಲೇಟು ಕೊಡುವುದೂ ತೊಳೆಯುವುದೂ ಅಯ್ಯನವರ ಪಾಲಿನ ಕೆಲಸ. ಕತ್ತಲ ಕೋಣೆ ಇದ್ದದ್ದು ಊರಿಗೆಲ್ಲ ಅವರೊಬ್ಬರಿಗೇ. ಕರಿಯ ಕಾಗದದಲ್ಲಿ ಸುತ್ತಿದ ಪ್ಲೇಟನ್ನು ನನ್ನ ಕಿವಿಯ ಕೆಳಗೆ ಸೇರಿಸಿ, ಯಂತ್ರ ಚಟಚಟ ಎನ್ನುವ ಹೊತ್ತಿಗೆ ಅಭ್ಯಾಸಬಲದಿಂದ ಹೇಳಿದರು:

“ಸ್ವಲ್ಪ ನಗ್ರಿ ಮೇಷ್ಟ್ರೆ. ಹಲ್ಲು ಚೆಂದಾಗಿ ಬರ್ತವೆ.”

ನಾನು ನಕ್ಕೆ. ಇದನ್ನು ಒಪ್ಪಿಕೊಳ್ಳಲು ಈಗಲೂ ಸಂಕೋಚವಾಗುತ್ತದೆ.

ಮೂರನೆಯ ದಿನ ಡಾಕ್ಟರು ಪ್ಲೇಟನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬುರುಡೆ ಸ್ವಚ್ಛವಾಗಿದೆ, ಏನೂ ಇಲ್ಲ, ಯೋಚನೆ ಕಡಿಮೆ ಮಾಡಿ ಎಂದು ಬಾಟಲಿಯಲ್ಲಿ ಔಷಧ ಕೊಟ್ಟರು. ಹೆಂಡತಿ ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಯಿತು. ಇಂಥ ತಲೆಯನ್ನು ತೂರಿ ನೋಡಿದ ಮೇಲೂ ಹೇಳಲು ಇಷ್ಟೇನೇ? ಆ ನೋವಿಗೆ ಮದ್ದಾಗಿ ಅಯ್ಯನವರಿಂದ ಪ್ಲೇಟಿನದೊಂದು ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದೆ. ಬಂದವರಿಗೆ ಹಣೆಯ ಎತ್ತರವನ್ನು ಬೆರಳಿಟ್ಟು ತೋರಿಸುತ್ತಿದ್ದೆ. ಹೆಂಡತಿ ಅದನ್ನು ಗೋಡೆಯ ಕಡೆಗೆ ತಿರುಗಿಸುವಳು, ನಾನು ಮತ್ತೆ ಈ ಕಡೆ ತಿರುಗಿಸುವೆ. ನನ್ನ ಬುರುಡೆ ಹೀಗೆ ದಿನಕ್ಕೆರಡು ಸಲ ಪ್ರದಕ್ಷಿಣೆ ಹಾಕುತ್ತಿತ್ತು. ಕೈ ಕುಣಿಯುವುದು ಮಾತ್ರ ನಿಂತಿರಲಿಲ್ಲ.

ಆ ವರ್ಷ ಶಾಲೆಯ ಗ್ರೂಪ್ ಫೋಟೋಕ್ಕೆ ಬಂದ ಅಯ್ಯನವರನ್ನು ಊಟಕ್ಕೆ ಕರೆದೆ. ಗೋಡೆಯ ಮೇಲೆ ತಮ್ಮ ಕೆಲಸ ಕಂಡು ಅವರ ಮುಖ ಅರಳಿತು. ಹತ್ತಿರ ಹೋಗಿ, ತಲೆ ವಾರೆ ಮಾಡಿ, ಗಾಜಿನ ಮೇಲಿನ ಧೂಳನ್ನು ಪಂಚೆಯ ತುದಿಯಿಂದ ಒರೆಸಿದರು.

“ಎಷ್ಟು ನೀಟಾಗಿ ಬಂದೈತೆ ನೋಡ್ರಿ. ತೊಳೆದಾಗ ಹಿಂಗಿರ್ಲಿಲ್ಲ ಮೇಷ್ಟ್ರೆ. ಹಲ್ಲಿನ ಸಂದಿ ಕಾಣ್ತಿತ್ತು, ಮುಚ್ಚಿದೆ. ಇಲ್ಲಿ ಎಡಗಿವಿ ಮ್ಯಾಲೆ ಸಿಡುಬಿನ ಕಲೆ ಇದ್ದಂಗೆ ನಾಕೈದು ಬಿಳೀ ಚುಕ್ಕಿ ಇದ್ವು. ಅವ್ನೂ ತೆಗ್ದೆ. ಇಷ್ಟು ಓದಿದೋರ ತಲೆ, ಹಂಗೇ ಬಿಡಾಕೆ ಆಗ್ತೈತಾ?”

ನಾನು ಹಲ್ಲಿನ ಸಂದಿ ಮುಚ್ಚಿದ್ದಕ್ಕೆ ಉಪಕಾರ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ರೊಟ್ಟಿ ಬಡಿಸಲು ಬಂದಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

“ಎಡಗಿವಿ ಮ್ಯಾಲೆ ಅಂದ್ರಾ ಅಯ್ಯನೋರೆ?”

“ಹೂಂ ತಾಯಿ.”

“ಡಾಕ್ಟ್ರು ತೊಂದ್ರೆ ಐತೆ ಅಂದಿದ್ದೂ ಅಲ್ಲೇ ಅಲ್ರಾ?”

ಅಯ್ಯನವರ ಮುಖ ಬಿಳಿಚಿಕೊಂಡಿತು. ತಾಲ್ಲೂಕಿನ ಅತ್ಯುತ್ತಮ ತಲೆಯೆನಿಸಿದ ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಬಡಿಸಲು ತಂದ ರೊಟ್ಟಿ ಹಾಗೇ ಉಳಿಯಿತು. “ಏಳ್ರಿ ಮೇಷ್ಟ್ರೆ, ಈಗ್ಲೇ ಹೋಗಾಣ” ಎಂದು ಅವರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಚಿಕ್ಕಜಾಜೂರಿನಲ್ಲಿ ಗಾಡಿ ಬದಲಾಯಿಸುವಾಗಲೂ ನನ್ನ ರಟ್ಟೆ ಅವರ ಕೈಯಲ್ಲೇ ಇತ್ತು.

ಡಾಕ್ಟರ ಮೇಜಿನ ಮೇಲೆ ಪ್ಲೇಟಿಟ್ಟು, ಹತ್ತಿಗೆ ಟರ್ಪೆಂಟೈನ್ ಅದ್ದಿ, ಅಯ್ಯನವರು ತಮ್ಮ ಪೆನ್ಸಿಲ್ಲಿನ ಕೆಲಸವನ್ನು ತಾವೇ ಅಳಿಸಿದರು. ಹತ್ತಿ ಕಪ್ಪಾಯಿತು, ಚುಕ್ಕಿಗಳು ಮೇಲೆದ್ದವು. ಆದರೆ ಅವುಗಳಲ್ಲಿ ಪ್ಲೇಟಿನ ದೋಷ ಯಾವುದು, ನನ್ನದು ಯಾವುದು? ಡಾಕ್ಟರು ಕೋಪದಿಂದಲೇ ನನ್ನನ್ನು ಮತ್ತೆ ಮಿಲ್ಲಿಗೆ ಕರೆದೊಯ್ದು ಹೊಸ ಪ್ಲೇಟು ತೆಗೆದರು. ಈ ಸಲ ಯಾರೂ ನಗಲು ಹೇಳಲಿಲ್ಲ. ತಿದ್ದದೆ ತಂದ ಆ ಪ್ಲೇಟಿನಲ್ಲಿ ಉಳಿದ ಚುಕ್ಕಿಗಳೆಲ್ಲ ಹೋಗಿ, ಎಡಗಿವಿಯ ಮೇಲೆ ಜೋಳದ ಕಾಳಿನಷ್ಟು ಒಂದು ಮಾತ್ರ ಹಿಂದಿನ ಜಾಗದಲ್ಲೇ ಇತ್ತು.

ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಾವುದೋ ಹಳೆಯ ಹುಣ್ಣು ಮಾಗಿ ಸುಣ್ಣವಾಗಿರಬಹುದು. ಹಾಗಿದ್ದರೆ ಔಷಧ ಕುಡಿದುಕೊಂಡು, ಕೈ ಕುಣಿಸಿಕೊಂಡು, ಮುದುಕನಾಗುವವರೆಗೆ ಇರಬಹುದು. ಅಥವಾ ಬೆಳೆಯುತ್ತಿರುವ ಗಡ್ಡೆಯೊಳಗಿನ ಸುಣ್ಣವಾಗಿರಬಹುದು. ಹಾಗಿದ್ದರೆ ಮದ್ರಾಸಿಗೆ ಹೋಗಿ ತಲೆ ತೆರೆಸಬೇಕು, ತೆರೆಸಿಕೊಂಡು ವಾಪಸು ಬರುವವರು ಕಡಿಮೆ. ಯಾವುದೆಂದು ತಿಳಿಯಲು ಒಂದೇ ದಾರಿ. ಆರು ತಿಂಗಳು ಕಾದು ಮತ್ತೊಂದು ಪ್ಲೇಟು ತೆಗೆದು, ಚುಕ್ಕಿ ಬೆಳೆದಿದೆಯೋ ಇಲ್ಲವೋ ಅಳೆದು ನೋಡುವುದು.

ಆ ಆರು ತಿಂಗಳಲ್ಲಿ ನಾನು ನಡೆದುಕೊಂಡ ರೀತಿ ಯಾವ ಶಿಷ್ಯನಿಗೂ ಮಾದರಿಯಲ್ಲ. ಹೇಳಿಕೊಡುವುದು ಧೈರ್ಯದ ಪಾಠ, ಮನೆಗೆ ಬಂದರೆ ಎರಡು ಕನ್ನಡಿ ಹಿಡಿದು ಕಿವಿಯ ಮೇಲೆ ಏನಾದರೂ ಉಬ್ಬಿದೆಯೇ ಎಂದು ಹುಡುಕುವುದು. ಟೋಪಿ ಬಿಗಿಯಾಯಿತೆಂದು ಒಂದು ದಿನ ಮಕ್ಕಳಿಗೆಲ್ಲ ವಿದಾಯದ ಮಾತು ಹೇಳಿದೆ. ಟೋಪಿ ತೊಳೆದು ಬಿಸಿಲಿಗೆ ಹಾಕಿದ್ದರಿಂದ ಕುಗ್ಗಿತ್ತೆಂದು ಆಮೇಲೆ ತಿಳಿಯಿತು.

ಅಯ್ಯನವರು ಮೇಲಿಂದ ಮೇಲೆ ಬರತೊಡಗಿದರು. ಹೊಸದುರ್ಗಕ್ಕೆ ಹೊರಟಿದ್ದೆ, ಹೀಗೇ ಬಂದೆ ಎನ್ನುವರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಜಗುಲಿಯಲ್ಲಿ ನನ್ನ ಎಡಗಡೆಗೇ ಕೂರುವರು. ಕಿವಿಯ ಮೇಲ್ಭಾಗವನ್ನು ನೋಡುತ್ತ ಹೆಬ್ಬೆರಳು ಗಾಳಿಯಲ್ಲಿ ಎದ್ದದ್ದನ್ನು ಕಂಡು ತಾವೇ ಬೆಚ್ಚಿ ಮುಷ್ಟಿ ಬಿಗಿಹಿಡಿಯುವರು. ಒಮ್ಮೆ ನಾನು ಸಿಟ್ಟಿನಿಂದ, “ನಿಮಗೆ ಇದ್ದದ್ದನ್ನ ಇದ್ದಂಗೆ ಬಿಡಾಕೆ ಬರೋದೇ ಇಲ್ವಾ ಅಯ್ಯನೋರೆ?” ಎಂದೆ. ಅದಕ್ಕೆ ಅವರು ಹೇಳಿದರು.

“ಹಿರಿಯೂರಾಗೆ ಒಬ್ಬ ತಾಯಿ ಜ್ವರದಾಗೆ ಹೋದ ಕೂಸಿನ ಪಟ ತೆಗೀರಿ ಅಂತ ಕರ್ಸಿದ್ಲು. ಜೀವ ಇದ್ದಾಗ ಒಂದೂ ಪಟ ತೆಗ್ಸಿರ್ಲಿಲ್ಲ. ತೆಗ್ದೆ. ಕಣ್ಣು ಮುಚ್ಚೇ ಇದ್ವಲ್ಲ, ಪೆನ್ಸಿಲ್ ತಗಂಡು ಕಣ್ಣು ತೆರೆಸಿ ಕೊಟ್ಟೆ. ಆಯಮ್ಮ ಅದ್ನ ಎದೆಗೆ ಒತ್ಕಂಡು ನನ್ನ ಮುಂದೆ ನಿಂತ್ಲು. ಸುಳ್ಳು ಅಂತ ಅವಳ್ಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಆವತ್ತಿಂದ ಕೈ ನಿಲ್ಲಲ್ಲ ಮೇಷ್ಟ್ರೆ.”

ನನ್ನ ಸಿಟ್ಟು ಇಳಿದುಹೋಯಿತು. ಅವರ ಮೇಲೆ ಮುನಿಸಿಕೊಂಡಿರುವುದು ನನ್ನಿಂದ ಅಲ್ಲಿಂದ ಮುಂದೆ ಆಗಲಿಲ್ಲ.

ಆರು ತಿಂಗಳಾಯಿತು. ಪ್ಲೇಟು ತೆಗೆದರು. ಮರುದಿನ ಅಯ್ಯನವರು ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, ಗೋಡೆಗೆ ಆತು ನಿಂತರು. ಡಾಕ್ಟರು ಎರಡೂ ಪ್ಲೇಟುಗಳನ್ನು ಕಿಟಕಿಗೆ ಹಿಡಿದು, ಕೈವಾರದಿಂದ ಚುಕ್ಕಿ ಅಳೆದರು. ಮತ್ತೆ ಅಳೆದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ.

“ಬೆಳೆದಿಲ್ಲ. ಕೂದಲೆಳೆಯಷ್ಟೂ ಬೆಳೆದಿಲ್ಲ,” ಎಂದರು. ನನ್ನ ಎದೆಯಿಂದ ಉಸಿರು ಹೊರಬೀಳುವುದರೊಳಗೆ ಅಯ್ಯನವರ ಕಡೆ ತಿರುಗಿದರು. “ನೀವು ಮುಟ್ಟಿಲ್ಲ ತಾನೆ?”

“ಇಲ್ಲ ಸ್ವಾಮಿ.”

“ಹೇಗೆ ನಂಬಲಿ?”

ಅಯ್ಯನವರು ಜೇಬಿನಿಂದ ಹತ್ತಿಯನ್ನೂ ಸಣ್ಣ ಸೀಸೆಯನ್ನೂ ತೆಗೆದರು. ಈ ಪ್ರಶ್ನೆ ಬರುತ್ತದೆಂದು ತಿಳಿದೇ ತಂದಿದ್ದರು. ಹತ್ತಿ ಅದ್ದಿ ಡಾಕ್ಟರ ಕೈಗೇ ಕೊಟ್ಟರು. ಡಾಕ್ಟರು ಚುಕ್ಕಿಯ ಸುತ್ತ ಚೆನ್ನಾಗಿ ತಿಕ್ಕಿ, ಹತ್ತಿಯನ್ನು ಬೆಳಕಿಗೆ ಹಿಡಿದರು. ಬೆಳ್ಳಗೆ ಇತ್ತು. ಅವರು ಎದ್ದು ಬಂದು ಅಯ್ಯನವರ ಹೆಗಲ ಮೇಲೆ ಕೈ ಇಟ್ಟರು. ನಾನು ಹೇಳಬಾರದಷ್ಟು ಗಟ್ಟಿಯಾಗಿ ಅತ್ತೆ, ಆ ಸಂಭ್ರಮಕ್ಕೆ ಬಲಗೈಯೂ ಸೇರಿಕೊಂಡು ಕುಣಿಯಿತು.

ಅಯ್ಯನವರು ಸ್ಟೇಷನ್ನಿನವರೆಗೆ ಬಿಡಲು ಬಂದರು. ಗಾಡಿಗೆ ಇನ್ನೂ ಹೊತ್ತಿತ್ತು. ನನ್ನ ಕೋಟಿನ ಗುಂಡಿ ಸರಿಮಾಡುತ್ತ, ಮುಖ ನೋಡದೆ ಅಂದರು:

“ಡಾಕ್ಟ್ರ ಮುಂದೆ ಸತ್ಯವಂತನಂಗೆ ನಿಂತ್ಕಂಡೆ ಮೇಷ್ಟ್ರೆ. ಚುಕ್ಕಿ ಹಂಗೇ ಇತ್ತು, ಅದ್ಕೇ ಮುಟ್ಲಿಲ್ಲ. ಬೆಳೆದಿದ್ರೆ ತಿದ್ದಿರ್ತಿದ್ದೆ.”

“ಹತ್ತಿ ಹಚ್ಚಿ ಒರೆಸಿದ್ರಲ್ರಿ?”

“ಒರೆಸಿದ್ರೂ ಹೋಗದಂಗೆ ತಿದ್ದಾಕೆ ಬರ್ತೈತೆ ನಂಗೆ. ನಿಮ್ಮನ್ನ ಮದ್ರಾಸಿಗೆ ಕಳ್ಸಿ ತಲೆ ಬಿಚ್ಚಿಸಾಕೆ ಈ ಕೈಯಾಗೆ ಆಗಲ್ಲ. ಮುಂದಿನ ಸಲ ಪ್ಲೇಟು ಬ್ಯಾರೆಯೋರ ಹತ್ರ ತೊಳೆಸ್ರಿ. ನನ್ನ ನಂಬಬ್ಯಾಡ್ರಿ.”

ಆಗಲಿ ಎಂದು ತಲೆಯಾಡಿಸಿ ಗಾಡಿ ಹತ್ತಿದೆ.

ಮುಂದಿನ ವರ್ಷ ಪ್ಲೇಟನ್ನು ಅವರ ಕೈಗೇ ಕೊಟ್ಟೆ. ಅದರ ಮುಂದಿನ ವರ್ಷವೂ. ಅವರು ನನ್ನ ಮುಖ ನೋಡುವರು, ನಾನು ಗೋಡೆ ನೋಡುವೆ, ಅವರು ಪ್ಲೇಟು ತೆಗೆದುಕೊಂಡು ಕತ್ತಲ ಕೋಣೆಗೆ ಹೋಗುವರು. ಸ್ಟೇಷನ್ನಿನ ಮಾತನ್ನು ನಾನು ಡಾಕ್ಟರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಹುಡುಗರಿಗೆ ಮಾತ್ರ ನಿಜ ಹೇಳಬೇಕೆಂದು ಪೆನ್ಷನ್ ಬರುವವರೆಗೂ ಪಾಠ ಮಾಡಿದೆ. ಚುಕ್ಕಿ ಪ್ರತಿವರ್ಷವೂ ಜೋಳದ ಕಾಳಿನಷ್ಟೇ ಇತ್ತು. ನಿಜವಾಗಿಯೂ ಇತ್ತೋ, ಅವರ ಕೈಯಲ್ಲಿ ಹಾಗಾಗುತ್ತಿತ್ತೋ, ನನಗೆ ಗೊತ್ತಿಲ್ಲ. ಬದುಕಿರುವುದರಿಂದ ನಿಜವೇ ಇರಬೇಕು ಎಂದು ಬೆಳಗಿನ ಹೊತ್ತು ಅನ್ನಿಸುತ್ತದೆ.

ಈ ಕೆಲವು ತಿಂಗಳಿಂದ ಕೈಯ ಕುಣಿತ ಸ್ವಲ್ಪ ಹೆಚ್ಚಾಗಿದೆ. ಡಾಕ್ಟರು ವಯಸ್ಸಾದವರು, ಕೋಲೂರಿಕೊಂಡು ಬಂದು ಹೇಳಿ ಹೋದರು: ದಾವಣಗೆರೆಗೆ ಹೊಸ ಯಂತ್ರ ಬಂದಿದೆ, ಪಟ ಅಲ್ಲೇ ತೊಳೆದು ಕೊಡುತ್ತಾರೆ, ಯಾರೂ ಪೆನ್ಸಿಲ್ ಮುಟ್ಟುವುದಿಲ್ಲ, ಹೋಗಿ ಬನ್ನಿ. ಗಾಡಿ ತಪ್ಪಿತು, ಮಂಡಿ ನೋವು, ಅಮಾವಾಸ್ಯೆ ಎಂದು ನೆಪ ಹೇಳುತ್ತ ಬಂದಿದ್ದೇನೆ. ಹೆಂಡತಿ ನನ್ನನ್ನು ಅಂಜುಬುರುಕ ಎನ್ನುತ್ತಾಳೆ. ಅಂಜುಬುರುಕನೇ ಹೌದು. ಅಲ್ಲಿ ಕತ್ತಲ ಕೋಣೆಯಲ್ಲಿ ನನ್ನ ತಲೆಯನ್ನು ಮೊದಲು ನೋಡುವವನಿಗೆ ನಾನು ಯಾರೂ ಅಲ್ಲ.